ನೆಟ್ಟಗೆ ನಿಂತ ಎಂಟು ಸ್ಕ್ರೂ

ಮಂಗಳವಾರ ಬೆಳಿಗ್ಗೆ 10.40ಕ್ಕೆ ವೃದ್ಧಾಶ್ರಮದ ನರ್ಸ್ ಠಾಣೆಗೆ ಬಂದು ದೂರು ಕೊಟ್ಟರು. ಬೀಗ ಹಾಕಿದ್ದ ಮರದ ಬೀರುವಿನಿಂದ ತರಬೇತಿ ಕಡತ ಕಾಣೆಯಾಗಿತ್ತು. ನಾಡಿ ಎಣಿಸುವುದು, ಬಿಪಿ ನೋಡುವುದು, ಇನ್ಸುಲಿನ್ ಚುಚ್ಚುವುದು ಇಷ್ಟನ್ನೂ ಹನ್ನೆರಡು ಆಯಾಗಳಿಗೆ ಎರಡು ತಿಂಗಳು ಕಲಿಸಿ, ಪ್ರತಿಯೊಬ್ಬರ ಕೆಲಸವನ್ನೂ ಕಣ್ಣಾರೆ ನೋಡಿ ಅವರು ಸಹಿ ಹಾಕಿದ್ದ ಹಾಳೆಗಳು ಅದರಲ್ಲಿದ್ದವು. ಆ ಸಹಿಯಿಲ್ಲದೆ ಆಯಾಗಳು ಸೂಜಿ ಮುಟ್ಟುವಂತಿಲ್ಲ.

ಅನುಮಾನ ಕಿರಿಯ ಆಯಾಳ ಮೇಲೆ. ಮೂರು ಸಲ ಫೇಲಾಗಿ, ಕಡತಕ್ಕೆ ಬೆಂಕಿ ಇಡುತ್ತೇನೆಂದು ಅಡುಗೆಮನೆಯಲ್ಲಿ ಕೂಗಾಡಿದ್ದಳಂತೆ. ಸಂಜೆಯೊಳಗೆ ಅವಳನ್ನು ಕೆಲಸದಿಂದ ತೆಗೆಯಲು ಆಡಳಿತ ತೀರ್ಮಾನಿಸಿತ್ತು. ಎಫ್ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ 11.30ಕ್ಕೆ ಸ್ಥಳಕ್ಕೆ ಹೋದರು.

"ನೀನು ತಗೊಂಡ್ಯೇನಮ್ಮಾ?"

"ಸಿಟ್ಟಲ್ಲಿ ಅಂದೆ ಸಾರ್. ನಾಲ್ಕನೇ ಸಲ ಪಾಸಾದೆ. ನನ್ನ ಹಾಳೇನೂ ಅದರಲ್ಲೇ ಇದೆ. ಅಷ್ಟು ಕಲಿಯೋದ್ರಲ್ಲೇ ಜೀವ ಬಾಯಿಗೆ ಬಂದಿತ್ತು."

ಪಂಚನಾಮೆಯಲ್ಲಿ ಬೀಗದ ಮೇಲೆ ಒಂದು ಗೀರೂ ಸಿಗಲಿಲ್ಲ. ಆದರೆ ಬೀರುವಿನ ಬಾಗಿಲಿನ ಕೀಲುಗಳ ಎಂಟೂ ಸ್ಕ್ರೂಗಳ ತಲೆಯ ಸೀಳುಗಳು ನೆಟ್ಟಗೆ, ಒಂದೇ ದಿಕ್ಕಿಗೆ ನಿಂತಿದ್ದವು. ಕೀಲು ಬಿಚ್ಚಿ ಮತ್ತೆ ಕೂರಿಸಿದವನು ಭಾರಿ ಶಿಸ್ತಿನ ಆಸಾಮಿ, ತನ್ನ ಮನೆಗೆ ಬರುವ ಬಡಗಿಯಂತೂ ಅಲ್ಲ ಎಂದು ಕಾನ್‌ಸ್ಟೇಬಲ್ ನಕ್ಕರು.

ಕಡತವಿಲ್ಲದೆ ತರಬೇತಿ ಮತ್ತೆ ಮೊದಲಿನಿಂದ ಎಂದು ಬೆಳಿಗ್ಗೆ ತಿಳಿಸಿದಾಗ ಯಾರು ಏನಂದರೆಂದು ಇನ್‌ಸ್ಪೆಕ್ಟರ್ ವಿಚಾರಿಸಿದರು. ಎಲ್ಲರ ಮುಖ ಸಪ್ಪಗಾಯಿತು ಎಂದರು ನರ್ಸ್. ಏಳನೇ ಕೋಣೆಯ ಮಿಷನ್ ತಾತ ಮಾತ್ರ ಗಡ್ಡ ಬೋಳಿಸಿಕೊಂಡು, ಒಗೆದ ಅರ್ಧ ತೋಳಿನ ಅಂಗಿ ಹಾಕಿಕೊಂಡರಂತೆ. ಹೊಲಿಗೆ ಮಿಷನ್ ರಿಪೇರಿ ಮಾಡುತ್ತಿದ್ದ ಅವರ ಮೇಲೆಯೇ ಆಯಾಗಳೆಲ್ಲ ನಾಡಿ, ಬಿಪಿ ನೋಡಿ ಅಭ್ಯಾಸ ಮಾಡಿದ್ದು.

ಮಧ್ಯಾಹ್ನ 3.10. ತಾತನ ಕೋಣೆಯ ಚಿಲಕದ ಸ್ಕ್ರೂಗಳೂ ನೆಟ್ಟಗೆ ನಿಂತಿದ್ದವು. ಇನ್‌ಸ್ಪೆಕ್ಟರ್ ಆ ಹುಡುಗಿಯ ಕೆಲಸ ಹೋಗುವ ವಿಷಯವನ್ನಷ್ಟೇ ಹೇಳಿದರು. ತಾತ ದಿಂಬು ಎತ್ತಿ ಕಡತ ಕೊಟ್ಟರು. ಒಂದು ಹಾಳೆಯೂ ಮಡಚಿರಲಿಲ್ಲ.

"ಯಾಕೆ ತಾತ?"

"ತರಬೇತಿ ಮುಗಿದುಹೋಯ್ತಲ್ಲ ಸಾರ್. ಅದು ಶುರುವಾಗೋಕೆ ಮುಂಚೆ ತಟ್ಟೆ ಇಟ್ಟು ಹೋಗೋರು, ತಟ್ಟೆ ತಗೊಂಡು ಹೋಗೋರು. ನಾಡಿ ಎಣಿಸಬೇಕಾದ್ರೆ ಪೂರ್ತಿ ಒಂದು ನಿಮಿಷ ಕೈ ಹಿಡ್ಕೋಬೇಕು. ಆ ಹುಡುಗಿ ಎಣಿಕೆ ತಪ್ಪಿ ತಪ್ಪಿ ಮತ್ತೆ ಒಂದರಿಂದ ಶುರು ಮಾಡೋಳು. ಅವಳಿಗೇ ಕುತ್ತು ತಂದ್ನಲ್ಲ."

ಇನ್‌ಸ್ಪೆಕ್ಟರ್ ಆಡಳಿತದವರನ್ನು ಕರೆಸಿ, ಹುಡುಗಿಯ ತಪ್ಪಿಲ್ಲವೆಂದು ಅವಳ ಎದುರಿಗೇ ಹೇಳಿದರು. 4.20ಕ್ಕೆ ಬಂಧನದ ಪತ್ರಕ್ಕೆ ತಾತ ಸಹಿ ಹಾಕಿದರು. ಸಂಜೆಯೊಳಗೆ ಜಾಮೀನು ಸಿಗುತ್ತದೆ, ಅದೇ ಕೋಣೆಗೆ ವಾಪಸು ಬರಬಹುದು ಎಂದಾಗ ಅವರ ಮುಖದಲ್ಲಿ ಸಮಾಧಾನವೇನೂ ಕಾಣಲಿಲ್ಲ.

ಜೀಪು ಹತ್ತಿಸಲು ಕಾನ್‌ಸ್ಟೇಬಲ್ ಕೈ ಚಾಚಿದರು. ತಾತ ಅಭ್ಯಾಸಬಲದಿಂದ ಅಂಗೈ ಮೇಲೆ ಮಾಡಿ ಮಣಿಕಟ್ಟನ್ನು ಆ ಕೈಯಲ್ಲಿಟ್ಟರು. ಕಾನ್‌ಸ್ಟೇಬಲ್‌ಗೆ ನಾಡಿ ಎಣಿಸಲು ಬರುತ್ತಿರಲಿಲ್ಲ. ಆದರೂ ಠಾಣೆ ಬರುವವರೆಗೆ ಹಿಡಿದ ಕೈ ಬಿಡಲಿಲ್ಲ.