ಮನೆಯವರ ಒಪ್ಪಿಗೆ

"ಮನೇಲಿ ಬೇಡ ಅಂತಾರೆ ಕಣಯ್ಯಾ" ಎಂದು ಮುದಿ ತಿಜೋರಿಗಳ್ಳ ಕಾಫಿ ಲೋಟ ಕೆಳಗಿಟ್ಟಾಗ ನಾಜೂಕಯ್ಯನಿಗೆ ತನ್ನ ಕಸುಬಿನ ಮೇಲೇ ಜಿಗುಪ್ಸೆ ಹುಟ್ಟಿತು.

"ಮಗಳಿಗೆ ಗಂಡು ನೋಡ್ತಿದೀವಿ. ಇಂಥ ಹೊತ್ತಲ್ಲಿ ಪೊಲೀಸ್ರು ಗಿಲೀಸ್ರು ಬಾಗಿಲಿಗೆ ಬಂದ್ರೆ ಚೆನ್ನಾಗಿರಲ್ಲ ಅಂತಾಳೆ ಇವಳು. ಅವಳು ಹೇಳೋದ್ರಲ್ಲೂ ಅರ್ಥ ಇದೆ."

ಇವನೊಬ್ಬನೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ಇವನಿಗಿಂತ ಮೊದಲು ಒಬ್ಬ ತರುಣ ಸಿಕ್ಕಿದ್ದ, ಬೆರಳುಗಳೇನೋ ಬಂಗಾರ. ಆದರೆ ಅವನ ಗೆಳೆಯರು ಚಹಾದಂಗಡಿಯ ಬೆಂಚಿನ ಮೇಲೆ ಕೂಡಿಸಿಕೊಂಡು, ಇನ್ನೊಬ್ಬರ ಕೈಕೆಳಗೆ ಯಾಕೋ ದುಡೀತೀಯ, ಸ್ವಂತಕ್ಕೆ ಮಾಡು ಎಂದು ತಲೆ ತುಂಬಿದರು. ಅವನಿಗೂ ಮೊದಲಿನವನು ಎಲ್ಲಕ್ಕೂ ಹೂಂ ಎಂದು, ದಿನವನ್ನೂ ಗೊತ್ತುಮಾಡಿಕೊಂಡು, ಆ ದಿನ ಬರಲೇ ಇಲ್ಲ. ಫೋನ್ ಎತ್ತಿಕೊಂಡ ಅವನ ಅಕ್ಕ "ಅವನಿಗೆ ಮೈಗೆ ಹುಷಾರಿಲ್ಲ" ಎನ್ನುವಾಗ ಹಿಂದಿನಿಂದ ಅವನು ಟೀವಿ ನೋಡಿಕೊಂಡು ನಗುತ್ತಿದ್ದುದು ಸ್ಪಷ್ಟವಾಗಿ ಕೇಳಿಸಿತ್ತು. ಕಳ್ಳರೂ ಸಂಸಾರಸ್ಥರಾಗಿಬಿಟ್ಟರೆ ಮರ್ಯಾದಸ್ಥರು ಕಳ್ಳತನ ಮಾಡುವುದು ಹೇಗೆ?

ನಾಜೂಕಯ್ಯ ಎಂಬುದು ಜೊತೆಗಾರರು ಇಟ್ಟ ಹೆಸರು. ಕರವಸ್ತ್ರವನ್ನು ಇಸ್ತ್ರಿ ಮಾಡಿ ಜೇಬಿಗಿಡುವವನು, ಜೀವಮಾನದಲ್ಲಿ ಒಂದು ಕಿಟಕಿಯ ಗಾಜನ್ನೂ ಒಡೆದವನಲ್ಲ. ಈಗ ಅವನ ಕಣ್ಣು ದೊಡ್ಡ ಬೀದಿಯ ಒಡವೆ ಅಂಗಡಿಯ ಮೇಲಿತ್ತು. ವಾರದ ರಜೆಯ ದಿನ ಅಲ್ಲಿ ಒಬ್ಬ ಕಾವಲುಗಾರನನ್ನು ಬಿಟ್ಟರೆ ನರಪಿಳ್ಳೆ ಇರುವುದಿಲ್ಲ. ಅವನೋ, ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡು ಯಾರು ಬಂದರೂ ಸಲಾಮು ಹೊಡೆಯುವ ಸಾಧುಪ್ರಾಣಿ. ಸಲಾಮು ಹೊಡೆಯದಿದ್ದದ್ದು ಒಳಗಿನ ಉಕ್ಕಿನ ತಿಜೋರಿ ಒಂದೇ. ಅದನ್ನು ಒಲಿಸುವ ಕೈ ಬೇಕಾಗಿತ್ತು.

ದಾರಿ ತೋರಿದ್ದು ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿದ್ದ ಒಬ್ಬಾಕೆ. ಯಾವುದೋ ಕಂಪನಿಗೆ ಜನರನ್ನು ಆರಿಸುವ ಕೆಲಸ ಆಕೆಯದು ಎಂದು ಮಾತಿನಲ್ಲೇ ತಿಳಿಯುತ್ತಿತ್ತು. "ಹುಡುಗನ್ನ ಒಪ್ಪಿಸಿದ್ರೆ ಏನೂ ಆಗಲ್ಲ ಕಣೇ" ಎಂದು ಆಕೆ ಗೆಳತಿಗೆ ಹೇಳುತ್ತಿದ್ದಳು. "ಇಂಟರ್ವ್ಯೂಗೆ ಬರೋದು ಅವನು, ತೀರ್ಮಾನ ಮಾಡೋದು ಅವನ ಅಡುಗೆಮನೆ. ನಾನಂತೂ ಈಗ ಮೊದಲು ಮನೆಯವರನ್ನೇ ಮಾತಾಡಿಸೋದು."

ನಾಜೂಕಯ್ಯ ಇಳಿಯಬೇಕಾದ ನಿಲ್ದಾಣ ದಾಟಿಹೋಯಿತು. ಅವನಿಗೆ ಅದು ತಿಳಿಯಲೂ ಇಲ್ಲ.

ಅವನ ಯೋಜನೆ ಎರಡೇ ಮಾತಿನದು. ಒಂದು, ಇನ್ನು ಮೇಲೆ ಕಳ್ಳರ ಸಹವಾಸ ಸಾಕು, ಹಿಡಿಯುವುದಾದರೆ ಒಬ್ಬ ಪ್ರಾಮಾಣಿಕನನ್ನೇ ಹಿಡಿಯಬೇಕು. ಎರಡು, ಅವನನ್ನಲ್ಲ, ಅವನ ಮನೆಯನ್ನು ಹಿಡಿಯಬೇಕು. ತಿಜೋರಿ ರಿಪೇರಿ ಕಂಪನಿಯೊಂದರ ಮಾಲೀಕನೆಂದು ಹೇಳಿಕೊಂಡರೆ ಆಯಿತು. ಹಾಡುಹಗಲಿನಲ್ಲಿ ಸಮವಸ್ತ್ರ ತೊಟ್ಟು ಒಳಗೆ ಹೋಗುವುದು, ಕೆಲಸಗಾರ ತಿಜೋರಿ ತೆರೆದ ಮೇಲೆ ಅವನನ್ನು ಹೊರಗೆ ಕಳಿಸುವುದು, ಬೇಕಾದ್ದನ್ನು ಸಲಕರಣೆ ಪೆಟ್ಟಿಗೆಗೆ ತುಂಬಿಕೊಂಡು ಹಿಂಬಾಗಿಲಿನಿಂದ ವ್ಯಾನ್ ಹತ್ತುವುದು. ಸಂಜೆಯ ಹೊತ್ತಿಗೆ ಕಂಪನಿಯೂ ಇಲ್ಲ, ಮಾಲೀಕನೂ ಇಲ್ಲ. ಪೊಲೀಸರಿಗೆ ಸಿಗುವುದು ತಿಜೋರಿಯ ಮೇಲಿನ ಬೆರಳಚ್ಚು ಮತ್ತು ಆ ಬೆರಳಿನ ಯಜಮಾನ. ಇದರಲ್ಲಿ ಅನ್ಯಾಯವೇನಾದರೂ ಇದೆಯೇ ಎಂದು ನಾಜೂಕಯ್ಯ ಒಂದು ಗಳಿಗೆ ಯೋಚಿಸಿದ್ದೂ ಉಂಟು. ಹೊಸಬರಿಗೆ ಜವಾಬ್ದಾರಿ ಕೊಡದ ಕಂಪನಿ ಎಲ್ಲಿದೆ ಎಂದು ಸಮಾಧಾನ ಮಾಡಿಕೊಂಡ.

ಮಾರುಕಟ್ಟೆಯ ಮೂಲೆಯಲ್ಲಿ ಬೀಗ ರಿಪೇರಿ ಮಾಡುವವನೊಬ್ಬನಿದ್ದ. ಕೀಲಿಕೈ ಕಳೆದುಕೊಂಡ ಅಲ್ಮೆರಾಗಳು ಅವನೆದುರು ತಾವಾಗಿಯೇ ಬಾಯಿ ಬಿಡುತ್ತಿದ್ದವು. ನಾಜೂಕಯ್ಯ ಕೆಲಸದ ಪ್ರಸ್ತಾಪ ಇಟ್ಟ ಕೂಡಲೇ ಬೀಗದವನೂ ಎಲ್ಲರಂತೆ ಆ ಶಾಪದ ಮಾತನ್ನೇ ಆಡಿದ.

"ಮನೇಲಿ ಒಂದ್ಮಾತು ಕೇಳ್ಬೇಕು ಸಾರ್."

"ಕೇಳ್ಲೇಬೇಕು" ಎಂದ ನಾಜೂಕಯ್ಯ. "ನಾನೇ ಬಂದು ಕೇಳ್ತೀನಿ."

ಆಮೇಲಿನ ಸಂಜೆಗಳನ್ನೆಲ್ಲ ಅವನು ಬೀಗದವನ ಮನೆಯ ಹೊರಕೋಣೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಳೆದ. ಮೊದಲು ತಾಯಿ. ಆಕೆಗೆ ಮೊಣಕಾಲು ನೋವು. ನಾಜೂಕಯ್ಯನಿಗೂ ಆ ಸಂಜೆಯಿಂದ ಮೊಣಕಾಲು ನೋವು ಶುರುವಾಯಿತು. ಯಾವ ಎಣ್ಣೆ, ಯಾವ ಮಾತ್ರೆ, ಯಾವ ಡಾಕ್ಟರು ದಂಡ ಎಂದು ಇಬ್ಬರೂ ಮನಸಾರೆ ಮಾತಾಡಿದರು.

"ನನ್ನ ಮಗ ಮೆತ್ತಗಿನವನು ಕಣಪ್ಪಾ. ಯಾರ ಮಾತಿಗೂ ಎದುರಾಡಲ್ಲ" ಎಂದಳು ತಾಯಿ.

"ಅಂಥವರೇ ಬೇಕಮ್ಮಾ ನಮಗೆ" ಎಂದ ನಾಜೂಕಯ್ಯ. ಆ ಕಂಪನಿಯ ಕುರಿತು ಅವನು ಆ ಮನೆಯಲ್ಲಿ ಆಡಿದ ಸತ್ಯ ಅದೊಂದೇ.

ಸೋದರಮಾವ ಗಟ್ಟಿ ಕಾಯಿ. ನಿವೃತ್ತ ಗುಮಾಸ್ತೆ, ತನ್ನನ್ನು ಕೇಳದೆ ಮನೆಯಲ್ಲಿ ಬಲ್ಬು ಬದಲಾಯಿಸಿದರೂ ಮುನಿಸಿಕೊಳ್ಳುವಾತ. "ಏನ್ರೀ, ನಿಮ್ಮ ಕಂಪನಿ ನಾಳೆ ಮುಚ್ಚಿಹೋದ್ರೆ ನಮ್ಮ ಹುಡುಗನ ಗತಿ?" ಎಂದು ಕನ್ನಡಕ ಏರಿಸಿ ಕೇಳಿದ. ಬರುವ ರಜೆಯ ದಿನವೇ ಮುಚ್ಚಲಿದ್ದ ಕಂಪನಿಯ ಮಾಲೀಕ ಒಂದಿಷ್ಟೂ ಅಳುಕದೆ, ನಮಗೆ ನಿಮ್ಮಂಥ ಅನುಭವಿಗಳ ಸಲಹೆ ಬೇಕಾಗಿತ್ತು ಎಂದ. ಮಾವ ಒಂದು ತಾಸು ಸಲಹೆ ಕೊಟ್ಟ. ಕೊಟ್ಟು ಮುಗಿಸುವಷ್ಟರಲ್ಲಿ ಅದು ಅವನದೇ ಕಂಪನಿಯಾಗಿಹೋಗಿತ್ತು.

ಉಳಿದವನು ಗೆಳೆಯ, ಪಕ್ಕದ ಸೈಕಲ್ ಅಂಗಡಿಯವನು. ಅವನಿಗೆ ಹೊಟ್ಟೆಕಿಚ್ಚು. "ಲೇ, ಇದ್ದಕ್ಕಿದ್ದ ಹಾಗೆ ಮನೆಗೇ ಬಂದು ಕೆಲಸ ಕೊಡೋ ಧಣಿ ಎಲ್ಲಾದ್ರೂ ಇದಾನೇನೋ? ಏನೋ ಮಸಲತ್ತು ಇದೆ" ಎಂದು ಬೀಗದವನ ಕಿವಿ ಕಚ್ಚುತ್ತಿದ್ದುದು ನಾಜೂಕಯ್ಯನ ಕಿವಿಗೂ ಬಿತ್ತು. ಇಡೀ ಊರಿನಲ್ಲಿ ಅವನನ್ನು ಸರಿಯಾಗಿ ಗುರುತಿಸಿದ ಮನುಷ್ಯ ಆ ಗೆಳೆಯನೊಬ್ಬನೇ. ಮರುದಿನ ನಾಜೂಕಯ್ಯ ಸೈಕಲ್ ಅಂಗಡಿಗೆ ಹೋಗಿ, ಮುಂದಿನ ವರ್ಷ ಇನ್ನೊಂದು ಜಾಗ ಖಾಲಿಯಾಗುತ್ತದೆ, ಯಾರಿಗೂ ಹೇಳಬೇಡಿ ಎಂದು ಪಿಸುಗುಟ್ಟಿ ಬಂದ. ಸಂಜೆ ಆ ಗೆಳೆಯನೇ ಬೀಗದವನನ್ನು ಬೈಯುತ್ತಿದ್ದ. "ಇನ್ನೂ ಯೋಚನೆ ಮಾಡ್ತಾ ಕೂತಿದೀಯಲ್ಲೋ, ಮಂಕೇ!"

ಹೆಂಡತಿಯ ವಿಷಯದಲ್ಲಿ ಅಷ್ಟು ಶ್ರಮವೇ ಬೇಕಾಗಲಿಲ್ಲ. ಆಕೆ ದಣಿದು ಹೊರಗಿನಿಂದ ಬರುವಳು, ಕಾಲು ತೊಳೆದುಕೊಂಡು ಒಳಗೆ ಹೋಗಿ ಕಾಫಿ ಮಾಡಿ ತರುವಳು. ನಾಜೂಕಯ್ಯ ಪ್ರತಿ ಸಲವೂ "ಕಾಫಿ ಅಂದ್ರೆ ಇದು ತಂಗೀ" ಎನ್ನುವನು. ಆಕೆ ನಗುವಳು. ಹೆಂಗಸರ ಒಪ್ಪಿಗೆ ಪಡೆಯುವುದು ಎಷ್ಟು ಸುಲಭ, ಆ ಬಸ್ಸಿನಾಕೆ ಸುಮ್ಮನೆ ಹೆದರಿಸಿದಳಲ್ಲ ಎಂದು ಅವನಿಗೆ ಅನಿಸಿತು.

ರಜೆಯ ದಿನ ಬಂತು. ಅಂಗಡಿಯ ಯಜಮಾನ ಸಂಸಾರ ಸಮೇತ ಊರಾಚೆಯ ತೋಟದ ಮನೆಗೆ ಹೋಗಿದ್ದ. ಮ್ಯಾನೇಜರನ ದನಿಯಲ್ಲಿ ನಾಜೂಕಯ್ಯ ಬೆಳಗ್ಗೆಯೇ ಕಾವಲುಗಾರನಿಗೆ ಫೋನ್ ಮಾಡಿ, ತಿಜೋರಿ ಸರ್ವಿಸ್‌ಗೆ ಜನ ಬರುತ್ತಾರೆ ಎಂದಿದ್ದ. ಕಾವಲುಗಾರ ಸಲಾಮು ಹೊಡೆದು ಷಟರ್ ಎತ್ತಿದ. ಬಾಡಿಗೆ ವ್ಯಾನಿನ ಡ್ರೈವರ್ ಹಿಂದಿನ ಓಣಿಯಲ್ಲಿ ಎಂಜಿನ್ ಆರಿಸದೆ ಕಾಯುತ್ತಿದ್ದ.

ಒಳಗಿನ ಕ್ಯಾಮೆರಾಗಳನ್ನು ಕಂಡು ಬೇರೆ ಕಳ್ಳನಾದರೆ ಮುಖ ಮುಚ್ಚಿಕೊಳ್ಳುತ್ತಿದ್ದ. ನಾಜೂಕಯ್ಯ ಒಂದು ಟೋಪಿಯನ್ನೂ ಬೀಗದವನನ್ನು ಕಂಡ ದಿನದಿಂದಲೇ ಅಂಟಿಸಿಕೊಂಡಿದ್ದ ಗುಬುರು ಮೀಸೆಯನ್ನೂ ಇಟ್ಟುಕೊಂಡು ಎದೆ ಸೆಟೆಸಿ ಅವುಗಳ ಕೆಳಗೇ ನಡೆದ. ವೈರು ಕತ್ತರಿಸಿದರೆ ಗಂಟೆ ಹೊಡೆಯುತ್ತದೆ. ಕತ್ತರಿಸದಿದ್ದರೆ, ದೂರದ ಯಾವುದೋ ಕಟ್ಟಡದಲ್ಲಿ ಊರಿನ ಅಂಗಡಿಗಳನ್ನೆಲ್ಲ ಒಟ್ಟಿಗೆ ನೋಡುತ್ತಾ ಆಕಳಿಸುವ ಯಾರೋ ಒಬ್ಬರಿಗೆ ಸಮವಸ್ತ್ರದ ಇಬ್ಬರು ಕೆಲಸಗಾರರು ಕಾಣುತ್ತಾರೆ, ಅಷ್ಟೇ. ಅಡಗಿ ಮಾಡಿದರೆ ಕಳ್ಳತನ, ಎದುರಿಗೇ ಮಾಡಿದರೆ ಕಂಪನಿ ಎಂಬುದು ಅವನ ಸ್ವಂತ ಸಿದ್ಧಾಂತ.

ಬೀಗದವನು ತಿಜೋರಿಯ ಮುಂದೆ ಮಂಡಿಯೂರಿ, ಕಣ್ಣು ಮುಚ್ಚಿ, ಹಾಲು ಕುಡಿಯದ ಕೂಸನ್ನು ರಮಿಸುವವನಂತೆ ಅದರ ಚಕ್ರವನ್ನು ಅತ್ತಿತ್ತ ತಿರುಗಿಸಿದ. ನಾಜೂಕಯ್ಯ ಸಲಕರಣೆ ಪೆಟ್ಟಿಗೆಯ ಮುಚ್ಚಳ ತೆಗೆದಿಟ್ಟ. ಕೊನೆಗೆ ಒಳಗೆಲ್ಲೋ ಏನೋ ಸಡಿಲಿ, ದಪ್ಪ ಬಾಗಿಲು ನಿಟ್ಟುಸಿರಿನಂತೆ ಈಚೆ ಬಂತು. ಹಾರಗಳು, ಬಳೆಗಳು, ಮಖಮಲ್ಲಿನ ತಟ್ಟೆಗಳು. ತನ್ನ ಬಾಳಿನ ಅತ್ಯಂತ ಸುಂದರ ಕೆಲಸ ಇದು ಎಂದು ನಾಜೂಕಯ್ಯನ ಕಣ್ಣು ತುಂಬಿತು.

"ಭೇಷ್! ಹೋಗಿ ಕಾವಲುಗಾರನ ಹತ್ರ ಕೂತ್ಕೋ. ಉಳಿದದ್ದು ನಾನು ನೋಡ್ಕೋತೀನಿ."

ಬೀಗದವನು ಹೊರಟ. ಬಾಗಿಲ ಬಳಿ ಅವನ ಜೇಬಿನ ಫೋನು ಗುಂಯ್‌ಗುಟ್ಟಿತು. ಕಿವಿಗಿಟ್ಟು ಕೇಳಿ, ನಾಚಿಕೊಂಡು, ಕೂದಲು ಸರಿಮಾಡಿಕೊಂಡು, ಛಾವಣಿಯ ಕ್ಯಾಮೆರಾದ ಕಡೆ ಕೈ ಬೀಸಿದ.

"ಯಾರಿಗಯ್ಯಾ ಅದು?"

"ನಮ್ಮನೆಯವಳಿಗೆ ಸಾರ್. ಕೂದಲು ಕೆದರಿದೆ, ಸರಿ ಮಾಡ್ಕೊಳ್ಳಿ ಅಂತಿದಾಳೆ."

ತಿಜೋರಿಯೊಳಗಿದ್ದ ನಾಜೂಕಯ್ಯನ ಕೈ ಅಲ್ಲೇ ನಿಂತಿತು. ತಾಯಿಯ ಮೊಣಕಾಲಿನಿಂದ ಹಿಡಿದು ಸೈಕಲ್ ಅಂಗಡಿಯವನ ಹೊಟ್ಟೆಕಿಚ್ಚಿನ ತನಕ ಆ ಮನೆಯಲ್ಲಿ ಅವನಿಗೆ ತಿಳಿಯದ್ದಿರಲಿಲ್ಲ. ಹೊತ್ತು ಮುಳುಗುವಾಗ ದಣಿದು ಬರುವಾಕೆ ಎಲ್ಲಿಂದ ಬರುತ್ತಾಳೆ ಎಂಬುದೊಂದನ್ನು ಕೇಳಬೇಕೆಂದು ಹೊಳೆದಿರಲಿಲ್ಲ. "ಊರಿನ ಅಂಗಡಿ ಕ್ಯಾಮೆರಾ ನೋಡೋ ಆಫೀಸಲ್ಲೇ ಸಾರ್ ಅವಳಿಗೆ ಕೆಲಸ" ಎಂದು ಬೀಗದವನು ಹೆಮ್ಮೆಯಿಂದ ಹೇಳಿದ. "ಬೇರೆ ಯಾರಾದ್ರೂ ಆಗಿದ್ರೆ ಸರ್ವಿಸ್‌ನವರು ಅಂತ ಸುಮ್ನಿರ್ತಿದ್ರಂತೆ. ಕಾಣ್ತಿರೋದು ನಾನೇ ಅಂತ ಗೊತ್ತಾದ ಮೇಲೆ ಇವಳು ಸುಮ್ನಿರ್ತಾಳಾ? ಅಂಗಡಿ ಯಜಮಾನ್ರಿಗೇ ಫೋನ್ ಮಾಡಿ, ನಿಮ್ಮ ತಿಜೋರಿ ರಿಪೇರಿ ಮಾಡ್ತಿರೋದು ನಮ್ಮ ಮನೆಯವರೇ, ಕೆಲಸ ಚೆನ್ನಾಗಿದ್ರೆ ಅವರ ಧಣಿಗಳ ಹತ್ರ ಒಂದು ಒಳ್ಳೇ ಮಾತು ಹೇಳಿ ಅಂತ ಕೇಳ್ಕೊಂಡಿದಾಳೆ. ಅವರೆಷ್ಟು ಒಳ್ಳೆಯವರು ನೋಡಿ ಸಾರ್, ಒಬ್ಬರೇ ಅಲ್ಲ, ನಾಲ್ಕು ಜನರನ್ನ ಕರ್ಕೊಂಡು ಈಗಲೇ ಬರ್ತಿದಾರಂತೆ, ನೀವು ಇಲ್ಲೇ ಇರಬೇಕಂತೆ!"