ಎಲ್ಲರ ವಾಚಿನಲ್ಲೂ ಎಂಬತ್ತೈದು ಕೆಜಿ

"ಯಾರ್ರೀ ಈ ಗಂಡಸು?"

ಪವಿತ್ರ ಎರಡು ಮೊಬೈಲುಗಳನ್ನು ಗಾಜಿನ ಕೌಂಟರಿನ ಮೇಲೆ ಪಕ್ಕಪಕ್ಕ ಇಟ್ಟಳು. ಅವಳ ಛತ್ರಿಯಿಂದ ಇಳಿದ ನೀರು ಅಂಗಡಿಯ ಹೊಸ ಮ್ಯಾಟನ್ನು ತೋಯಿಸುತ್ತಿತ್ತು. ಅದರ ಕಡೆ ಅವಳಿಗೆ ಗಮನವೇ ಇರಲಿಲ್ಲ.

ಮೊಬೈಲ್ ಅಂಗಡಿಯ ಕುಮಾರಸ್ವಾಮಿ ಬಗ್ಗಿ ನೋಡಿದ. ಎರಡರಲ್ಲೂ ವಾಚಿನ ಆ್ಯಪ್ ತೆರೆದಿತ್ತು. ಗಂಡು, ಮೂವತ್ತಮೂರು ವರ್ಷ, ಎಂಬತ್ತೈದು ಕೆಜಿ. ಪಕ್ಕದ್ದರಲ್ಲೂ ಅದೇ.

"ಇದು ಶಿವರತ್ನಮ್ಮನವರ ಫೋನು, ಇದು ಮಹಾದೇವಮ್ಮನವರದ್ದು. ಉಳಿದವರದ್ದೂ ನೋಡ್ದೆ. ನನ್ನ ಎಕ್ಸರ್‌ಸೈಜ್ ಕ್ಲಾಸಿಗೆ ಬರೋ ಹೆಂಗಸರ ಕೈಯಲ್ಲೆಲ್ಲ ಒಬ್ಬನೇ ಗಂಡಸು ಕೂತಿದಾನೆ. ಯಾರಿವನು?"

ಅವನ ಕಿವಿ ಮೊದಲು ಕೆಂಪಾಯಿತು, ಆಮೇಲೆ ಕತ್ತು.

"ನಾನೇ ಕಣ್ರಿ."

"ನೀವಾ?"

"ವಾಚ್ ಸೆಟ್ ಮಾಡೋವಾಗ ವಯಸ್ಸು, ತೂಕ ಹಾಕ್ಲೇಬೇಕು. ಶಿವರತ್ನಮ್ಮತ್ತೆ ಎದುರಿಗೆ ನಿಂತವ್ರೆ. ನಿಮ್ಗೆಷ್ಟು ವಯಸ್ಸು, ಎಷ್ಟು ತೂಕ ಅಂತ ಹೆಂಗ್ರಿ ಕೇಳದು? ನಾಲಿಗೆನೇ ಏಳ್ಲಿಲ್ಲ. ನಂದೇ ಹಾಕ್ಬುಟ್ಟೆ. ಆಮೇಲೆ ಬಂದೋರ್ಗೂ ಅದೇ ಆಗೋಯ್ತು."

ಪವಿತ್ರಳಿಗೆ ನಗು ಬಂತು. ಆದರೆ ನಗುವ ಹಾಗಿರಲಿಲ್ಲ.

ಚೆನ್ನೈ ಕಡೆಯ ಸೈಕ್ಲೋನುಗಳು ಒಂದರ ಹಿಂದೊಂದು ಕೊಳ್ಳೇಗಾಲಕ್ಕೂ ಬಂದು ಕೂತಿದ್ದವು. ಜೋರು ಮಳೆಯಲ್ಲ, ಬಿಡದ ಜಿನುಗು. ಹೆಂಗಸರು ದಿನಾ ಸುತ್ತು ಹಾಕುತ್ತಿದ್ದ ಕಾಲೇಜು ಮೈದಾನ ಕೆಸರುಗದ್ದೆಯಾದಾಗ, ಪವಿತ್ರ ಎಲ್ಲರನ್ನೂ ಶಿವರತ್ನಮ್ಮನ ಮನೆಯ ಮೇಲಿನ ಹಾಲಿಗೆ ಕರೆತಂದಳು. ಹಿಂದೆ ಅಲ್ಲಿ ರೇಷ್ಮೆ ಮಗ್ಗಗಳಿದ್ದವು. ಈಗ ಹಾಡು ಹಾಕಿಕೊಂಡು ಕೈಕಾಲು ಆಡಿಸುವ ಹೆಂಗಸರು.

"ಮೈದಾನ್ದಲ್ಲಾದ್ರೆ ಇಷ್ಟು ಸುತ್ತು ಹಾಕ್ದೆ ಅಂತ ಗೊತ್ತಾಯ್ತದೆ. ನಿಂತಲ್ಲೇ ಕುಣುದ್ರೆ ಏನವ್ವ ಲೆಕ್ಕ?" ಎಂದು ಮಹಾದೇವಮ್ಮ ಒಂದು ಬೆಳಿಗ್ಗೆ ಕೇಳಿದ್ದೇ ತಡ, ಎಲ್ಲರೂ ಎದುರಿನ ಅಂಗಡಿಗೆ ಹೋಗಿ ಕ್ಯಾಲೊರಿ ಹೇಳುವ ವಾಚು ಕಟ್ಟಿಕೊಂಡು ಬಂದರು. ವಾಚು ಧಾರಾಳವಾಗಿ ಹೇಳಿತು. ಅದರ ಮಾತು ಕೇಳಿ ಹಸಿವೂ ಧಾರಾಳವಾಯಿತು. ಕಾರ್ತಿಕ ಸೋಮವಾರದ ಒಬ್ಬಟ್ಟಿನ ಮುಂದೆ ಶಿವರತ್ನಮ್ಮ ಮಣಿಕಟ್ಟು ಎತ್ತಿ ತೋರಿಸಿ, "ಇಷ್ಟು ಕರಗೈತೆ, ಇನ್ನೊಂದು ತಿಂದ್ರೆ ಏನೂ ಆಗಾಕಿಲ್ಲ," ಅನ್ನುತ್ತಿದ್ದರು.

ಆಗಿದ್ದು ವಾರಗಳು ಕಳೆದು ತೂಕದ ಮಿಷನ್ನಿನ ಮೇಲೆ ನಿಂತಾಗ ಗೊತ್ತಾಯಿತು. ಇಳಿಯುವುದಿರಲಿ, ಏರಿತ್ತು.

"ವಾಚು ಯಾಕೆ ಸುಳ್ಳು ಹೇಳಾದು? ನಿನ್ನ ಕುಣ್ತದಲ್ಲೇ ಏನೋ ಐಬೈತೆ ಕಣವ್ವ," ಎಂದುಬಿಟ್ಟರು ಶಿವರತ್ನಮ್ಮ. ಮುಂದಿನ ತಿಂಗಳಿಂದ ಮೇಲಿನ ಹಾಲನ್ನು ಟ್ಯೂಷನ್ನಿನವರಿಗೆ ಕೊಡುವುದಾಗಿಯೂ ಹೇಳಿದರು.

ಈ ಮಳೆಯಲ್ಲಿ ಹಾಲ್ ಹೋದರೆ ಕ್ಲಾಸ್ ಹೋಯಿತು. ಕ್ಲಾಸ್ ಹೋದರೆ ಅವಳು ಯಳಂದೂರು ತಾಲ್ಲೂಕಿನ ಅಗರಕ್ಕೆ, ಅಪ್ಪನ ಮನೆಗೆ ವಾಪಸ್ಸು. ಅಪ್ಪ ಬಸವಣ್ಣ ಕೆಟ್ಟವರಲ್ಲ. ಕ್ಲಾಸ್ ನಡೆಯುವವರೆಗೂ ಇರು, ನಿಂತರೆ ಬಂದುಬಿಡು ಅಂದಿದ್ದರು, ಅಷ್ಟೇ. ಆದರೆ ಆ ಮನೆಯ ಪಡಸಾಲೆಯಲ್ಲಿ ಒಂದು ಕುರ್ಚಿ ಇತ್ತು. ಹೆಣ್ಣು ನೋಡಲು ಬಂದವರ ಎದುರು ಅವಳು ಕೂರುವ ಕುರ್ಚಿ. ಬಂದವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಅವ್ವನನ್ನು ಪಕ್ಕಕ್ಕೆ ಕರೆದು ಹುಡುಗಿಯ ತೂಕ ಕೇಳುತ್ತಿದ್ದರು. ಯೂನಿವರ್ಸಿಟಿ ತಂಡಕ್ಕೆ ಗುಂಡು ಎಸೆದು ಮೆಡಲ್ ತಂದ ತೋಳುಗಳು ಆ ಪಡಸಾಲೆಯಲ್ಲಿ ಕುಂದಾಗಿಬಿಡುತ್ತಿದ್ದವು.

ಪವಿತ್ರಳಿಗೆ ತನ್ನ ಮೈಯ ಬಗ್ಗೆ ಒಂದು ದಿನವೂ ನಾಚಿಕೆ ಆದದ್ದಿಲ್ಲ. ಆ ಕುರ್ಚಿಯ ಮೇಲೆ ಮಾತ್ರ ಇನ್ನೊಮ್ಮೆ ಕೂರಲು ಅವಳಿಗೆ ಮನಸ್ಸಿರಲಿಲ್ಲ.

"ನಾಳೆ ಬೆಳಿಗ್ಗೆ ಹಾಲ್‌ಗೆ ಬನ್ನಿ. ಎಲ್ಲರ ಮುಂದೆ ಸರಿ ಮಾಡ್ಕೊಡಿ," ಅಂದಳು.

"ಎಲ್ರ ಮುಂದೆನಾ? ವಯಸ್ಸು ಕೇಳ್ಬೇಕಾ?"

"ತೂಕಾನೂ ಕೇಳ್ಬೇಕು."

"ಮೇಡಂ, ಬೇಕಾದ್ರೆ ವಾಚುಗಳ್ನೆಲ್ಲ ವಾಪಸ್ ತಕಂಡ್ಬುಡ್ತೀನಿ…"

"ಎಂಬತ್ತೈದು ಕೆಜಿ ಇದೀರಿ. ಅದರಲ್ಲಿ ಒಂದು ಕೆಜಿ ಧೈರ್ಯ ಇಲ್ವಾ?"

ಅವನು ತಲೆಯೆತ್ತಿ ನಕ್ಕ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಚೂರು ಹೆಚ್ಚು ಮುಚ್ಚುತ್ತಿತ್ತು. ಅದನ್ನು ತಾನು ಗಮನಿಸಿದೆ ಎಂಬುದನ್ನೂ ಪವಿತ್ರ ಗಮನಿಸಿದಳು. ಛತ್ರಿ ಎತ್ತಿಕೊಂಡು ಬೇಗ ಹೊರಟಳು.

ಮರುದಿನ ಅವನು ಹೇಳಿದ ಹೊತ್ತಿಗೇ ಬಂದ. ಒದ್ದೆ ಕೂದಲು, ಇಸ್ತ್ರಿ ಮಾಡಿದ ಅಂಗಿ. ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತ. ಹೆಂಗಸರು ವೇಲು ಸರಿಮಾಡಿಕೊಂಡು ಒಬ್ಬರ ಮುಖ ಒಬ್ಬರು ನೋಡಿ ತುಟಿ ಬಿಗಿಹಿಡಿದರು. ಕೆಳಗಿನಿಂದ ಶಿವರತ್ನಮ್ಮನ ದನಿ ಮೆಟ್ಟಿಲು ಹತ್ತಿ ಬರುತ್ತಿತ್ತು.

"ಎಲ್ಲವ್ನೆ ಅವ್ನು? ಆರು ಮೊಮ್ಮಕ್ಕಳ ಕಂಡೋಳ್ನ ಗಂಡ್ಸು ಮಾಡವ್ನಲ್ಲ! ಇವ್ನ ಕೈಗೆ ಫೋನ್ ಕೊಟ್ಟಿದ್ದು ನನ್ನ ತಪ್ಪು. ಲೇ ಕುಮಾರ, ಎಲ್ಲಿದ್ದೀಯ್ಲಾ?"

"ಇಲ್ಲೇ ಅತ್ತೆ. ತಪ್ಪಾಯ್ತು ಅತ್ತೆ."

"ಸರಿ ಮಾಡು ಮತ್ತೆ."

"ಅದಕ್ಕೆ… ನೀವು ಹುಟ್ಟಿದ್ದು… ಯಾವ ವರ್ಷ ಅತ್ತೆ?"

"ನಾನು ಹುಟ್ಟಿದ್ದ ತಕಂಡು ನಿಂಗೇನ್ಲಾ ಆಗ್ಬೇಕು?"

ಕಿಟಕಿಯ ಸಜ್ಜದಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ಕುಮಾರಸ್ವಾಮಿ ನೆಲ ನೋಡುತ್ತಾ ನಿಂತ.

ಪವಿತ್ರ ಮುಂದೆ ಬಂದಳು. ಶಾಲೆಯಲ್ಲಿ ಹಾಜರಿ ಹೇಳುವ ಹಾಗೆ, ಸ್ಪಷ್ಟವಾಗಿ ಹೇಳಿದಳು.

"ಪವಿತ್ರ. ಇಪ್ಪತ್ತೊಂಬತ್ತು ವರ್ಷ. ಎಪ್ಪತ್ತೆರಡು ಕೆಜಿ. ಮುಂದೆ ಯಾರು?"

ಹೆಂಗಸರು ಬಾಯಿಬಿಟ್ಟು ನೋಡಿದರು. ಕುಮಾರಸ್ವಾಮಿಯೂ ನೋಡಿದ. ಅವನು ನೋಡಿದ ರೀತಿಯಲ್ಲಿ ಆಶ್ಚರ್ಯಕ್ಕಿಂತ ಬೇರೆಯದೇನೋ ಇತ್ತು.

"ಅವ್ಳೇ ಹೇಳ್ದ ಮ್ಯಾಲೆ ನಂದೇನು?" ಮಹಾದೇವಮ್ಮ ಎದ್ದರು. "ಐವತ್ತೊಂದು, ಅರವತ್ತನಾಲ್ಕು. ಬರ್ಕಳಪ್ಪ."

"ಇದ್ರಲ್ಲಿ ವಯಸ್ಸು ಯಾವ್ದಮ್ಮ?"

"ಅಯ್ಯೋ ನಿನ್ನ! ಅರವತ್ನಾಲ್ಕರೋಳ್ ತರ ಕಾಣ್ತೀನಾ?"

ನಗು ಎದ್ದಿತು. ಆಮೇಲೆ ಒಬ್ಬೊಬ್ಬರಾಗಿ ಬಂದು ಹೇಳಿದರು. ಕೊನೆಗೆ ಶಿವರತ್ನಮ್ಮ ಅವನ ಕಿವಿ ಹಿಡಿದು ಬಗ್ಗಿಸಿ, ಅದರೊಳಗೆ ಏನೋ ಪಿಸುಗುಟ್ಟಿ, "ಯಾರ್ಗಾದ್ರೂ ಹೇಳುದ್ಯೋ ನೋಡು," ಅಂದರು.

ಪವಿತ್ರ ಹಾಡು ಹಾಕಿದಳು. ನಿನ್ನೆಯ ಹಾಡೇ, ನಿನ್ನೆಯ ಕುಣಿತವೇ. ಬೆವರು ನಿನ್ನೆಯಷ್ಟೇ ಬಂತು. ಮುಗಿದ ಮೇಲೆ ಎಲ್ಲರೂ ಮಣಿಕಟ್ಟು ತಿರುಗಿಸಿ ನೋಡಿಕೊಂಡರು. ಲೆಕ್ಕದಲ್ಲಿ ಸುಮಾರು ಮೂರನೇ ಒಂದು ಪಾಲು ಮಾಯವಾಗಿತ್ತು.

"ಮಿಕ್ಕಿದ್ದೆಲ್ಲಿಗೋಯ್ತು?" ಅಂದರು ಮಹಾದೇವಮ್ಮ.

"ಎಲ್ಲಿಗೂ ಹೋಗ್ಲಿಲ್ಲ, ಇರಲೇ ಇಲ್ಲ," ಪವಿತ್ರ ನಕ್ಕಳು. "ಅಷ್ಟು ದಿನ ಅದು ಎಂಬತ್ತೈದು ಕೆಜಿ ಗಂಡಸಿನ ಲೆಕ್ಕ ಹೇಳ್ತಿತ್ತು. ಈಗಿನದೂ ಪೂರ್ತಿ ನಿಜ ಅಂದ್ಕೋಬೇಡಿ. ವಾಚು ನಾಡಿ ನೋಡುತ್ತೆ, ಕೈ ಬೀಸೋದು ನೋಡುತ್ತೆ, ನಾವು ಕೊಟ್ಟ ವಯಸ್ಸು, ತೂಕ ಸೇರಿಸಿ ಒಂದು ಅಂದಾಜು ಹೇಳುತ್ತೆ. ಮುದ್ದೆ ತೊಳಸಿದ್ರೂ ವಾಕಿಂಗ್ ಅಂದ್ಕೊಂಡ್ಬಿಡುತ್ತೆ. ಅದರ ಮಾತು ಕೇಳಿ ಒಬ್ಬಟ್ಟು ತಿನ್ನೋ ಹಾಗಿಲ್ಲ."

"ಅಂಗಾರೆ ಇಷ್ಟು ದಿನ ಕುಣ್ದಿದ್ದೆಲ್ಲ ದಂಡನಾ?" ಶಿವರತ್ನಮ್ಮನ ದನಿ ಏರಿತು.

"ಅಮ್ಮಾ, ಮೊದಲನೇ ದಿನ ಈ ಮೆಟ್ಟಿಲು ಹೆಂಗೆ ಹತ್ತಿದ್ರಿ?"

"ಹೆಂಗೆ ಅಂದ್ರೆ? ಮಧ್ಯದಲ್ಲಿ ಕುಂತ್ಕಂಡು, ನೀರು ಕುಡ್ಕಂಡು, ನಿನ್ನ ಕೈ ಹಿಡ್ಕಂಡು."

"ಇವತ್ತು?"

ಶಿವರತ್ನಮ್ಮ ತಿರುಗಿ ಮೆಟ್ಟಿಲ ಕಡೆ ನೋಡಿದರು. ಕೆಳಗಿನ ಮೆಟ್ಟಿಲಿಂದ ಮೇಲಿನ ಮೆಟ್ಟಿಲವರೆಗೆ ಅವರ ಬೈಗುಳ ಒಂದೇ ಉಸಿರಿನಲ್ಲಿ ಬಂದದ್ದನ್ನು ಹಾಲಿನಲ್ಲಿದ್ದವರೆಲ್ಲ ಕೇಳಿದ್ದರು.

"ಬೈಕಂಡೇ ಬಂದ್ನಲ್ಲ!" ಅವರಿಗೇ ಸೋಜಿಗವಾಯಿತು. ಒಂದು ಗಳಿಗೆ ತಮ್ಮ ಮೊಣಕಾಲನ್ನು ಮುಟ್ಟಿ ನೋಡಿಕೊಂಡರು. "ಆಗ್ಲಿ ಬುಡು. ಟ್ಯೂಷನ್ನೋರು ಬೇರೆ ಕಡೆ ನೋಡ್ಕಳ್ಲಿ. ಒಬ್ಬಟ್ಟೂ ಒಂದೇ ಇನ್ಮೇಲೆ."

ಪವಿತ್ರಳ ಎದೆಯಿಂದ ಒಂದು ಭಾರ ಇಳಿಯಿತು. ಅಗರದ ಬಸ್ಸು ಅವಳನ್ನು ಬಿಟ್ಟು ಹೊರಟ ಹಾಗಾಯಿತು.

ಅಷ್ಟರಲ್ಲಿ ಮಹಾದೇವಮ್ಮ ಕಿಟಕಿ ಕಟ್ಟೆಯ ಮೇಲಿದ್ದ ಪವಿತ್ರಳ ಮೊಬೈಲ್ ತೆಗೆದುಕೊಂಡು, "ನಿಂದೊಂದು ಉಳೀತು ನೋಡು," ಎಂದು ಅವನ ಕೈಗಿಟ್ಟರು. ಅವಳ ವಾಚನ್ನು ಅವನೇ ಸೆಟ್ ಮಾಡಿ, ಕ್ಲಾಸ್ ನಡೆಸೋರಿಗೆ ಕಂಪನಿಯವರು ಕೊಟ್ಟಿದ್ದು ಎಂದು ಹೇಳಿ ತಂದುಕೊಟ್ಟಿದ್ದ. ಅವಳು ಅದರ ಲೆಕ್ಕವನ್ನು ಯಾವತ್ತೂ ನಂಬಿದವಳಲ್ಲ, ತೆರೆದು ನೋಡಿಯೂ ಇರಲಿಲ್ಲ. ಅವನು ತಡವರಿಸುತ್ತಾ ಆ್ಯಪ್ ತೆರೆದ. ಅವನ ಭುಜದ ಹಿಂದಿನಿಂದ ಇಣುಕಿದ ಮಹಾದೇವಮ್ಮ ಕೂಗಿಯೇಬಿಟ್ಟರು.

"ನೋಡ್ರವ್ವ! ನಮ್ಮನ್ನೆಲ್ಲ ಗಂಡ್ಸು ಮಾಡಿ, ಇವ್ಳನ್ನ ಮಾತ್ರ ಹೆಣ್ಣು ಮಾಡವ್ನೆ!"

ಹಾಲ್ ತುಂಬ ಕಿಲಕಿಲ ನಗು. ಪವಿತ್ರಳ ಕೆನ್ನೆ ಬೆಚ್ಚಗಾಯಿತು. ಎಲ್ಲರಿಗೂ ತನ್ನದನ್ನೇ ತುಂಬಿದವನು ಅವಳೊಬ್ಬಳ ವಿಷಯದಲ್ಲಿ ಕೂತು ಯೋಚಿಸಿದ್ದ. ಅವಳು ಹತ್ತಿರ ಹೋಗಿ ಪರದೆ ನೋಡಿದಳು. ಹೆಣ್ಣು, ಇಪ್ಪತ್ತೆಂಟು ವರ್ಷ.

ಐವತ್ತೈದು ಕೆಜಿ.

ಉಕ್ಕುತ್ತಿದ್ದ ಹಾಲಿಗೆ ತಣ್ಣೀರು ಸುರಿದ ಹಾಗಾಯಿತು. ಹುಡುಗಿ ಸ್ವಲ್ಪ ಇಳಿಸಿಕೊಂಡರೆ ನೋಡಬಹುದು ಅಂದವರ ದನಿಗಳೆಲ್ಲ ಒಟ್ಟಿಗೆ ಕಿವಿಗೆ ಬಂದವು. ಹೆಂಗಸರಿಗೆ ಅವಳ ಮುಖ ಅರ್ಥವಾಯಿತು. ಚಾಪೆ ಸುತ್ತಿಟ್ಟು ಮೆಟ್ಟಿಲ ಕಡೆ ನಡೆದರು. ಆದರೆ ಚಪ್ಪಲಿ ಹಾಕಿಕೊಳ್ಳಲು ಯಾವತ್ತೂ ಇಲ್ಲದಷ್ಟು ಹೊತ್ತು ಹಿಡಿಯಿತು.

"ಐವತ್ತೈದು ಕೆಜಿ ಹುಡುಗಿ ಬೇಕಿದ್ರೆ ಬೇರೆ ಕಡೆ ನೋಡ್ಕೊಳಿ," ಅಂದಳು ಪವಿತ್ರ. "ಹೈಸ್ಕೂಲ್ ಬಿಟ್ಟ ಮೇಲೆ ನಾನು ಐವತ್ತೈದು ಇದ್ದಿದ್ದಿಲ್ಲ. ಇನ್ನು ಇರೋದೂ ಇಲ್ಲ."

"ಗೊತ್ತಿತ್ತು ನಂಗೆ."

"ಏನು ಗೊತ್ತಿತ್ತು?"

"ಐವತ್ತೈದು ಅಲ್ಲ ಅಂತ." ಅವನು ಮೊದಲ ಸಲ ನೇರ ಅವಳ ಕಣ್ಣು ನೋಡಿ ಮಾತಾಡಿದ. "ಆಷಾಢದಲ್ಲಿ ನಮ್ಮಂಗಡಿ ಶಟರ್ ಅರ್ಧಕ್ಕೆ ಸಿಕ್ಕಾಕ್ಕಂಡಿತ್ತು. ನಾನೂ ಪಕ್ಕದಂಗಡಿ ನಟರಾಜೂ ಎಳ್ದು ಎಳ್ದು ಸುಸ್ತಾಗಿ ನಿಂತಿದ್ವಿ. ದಾರೀಲಿ ಓಗ್ತಿದ್ದ ನೀವು ಬ್ಯಾಗ್ ಕೆಳಗಿಟ್ಟು, ಸ್ವಲ್ಪ ಸರೀರಿ ಅಂದು, ಒಂದೇ ಸಲಕ್ಕೆ ಎತ್ಬುಟ್ರಿ. ಕೈ ಒರೆಸ್ಕಂಡು ಓಗೇಬುಟ್ರಿ. ನನ್ನ ಮುಖಾನೂ ನೋಡ್ಲಿಲ್ಲ. ಅವತ್ತಿಂದ ದಿನಾ ಶಟರ್ ಎತ್ತೋವಾಗ ನಿಮ್ಮ ನೆನಪು."

"ಮತ್ತೆ ಯಾಕೆ ಇದು?"

"ಭಯ ಕಣ್ರಿ. ನಮ್ಮಕ್ಕನ್ನ ನೋಡಾಕೆ ಬಂದೋರು ಎಲ್ಲರೆದುರ್ಗೆ ತೂಕ ಕೇಳುದ್ರು. ಅವ್ಳು ಅಡುಗೆಮನೇಲಿ ಸೆರಗು ಬಾಯಿಗಿಟ್ಕಂಡು ಅತ್ತಿದ್ದು ಈಗ್ಲೂ ಕೇಳುಸ್ತದೆ ನಂಗೆ. ನೀವು ತೆಗ್ದು ನೋಡಿ ಬೇಜಾರಾಗ್ಬಾರ್ದು ಅಂತ ಕಮ್ಮಿ ಹಾಕ್ದೆ. ನಿಮ್ಮುನ್ನ ಸರಿಯಾಗಿ ತಿಳ್ಕಂಡಿರ್ಲಿಲ್ಲ. ಇವತ್ತು ತಿಳೀತು."

ಅವನು ಮೊಬೈಲನ್ನು ಇಬ್ಬರಿಗೂ ಕಾಣುವ ಹಾಗೆ ಹಿಡಿದು, ಐವತ್ತೈದನ್ನು ಅಳಿಸಿ ಎಪ್ಪತ್ತೆರಡು ಒತ್ತಿದ.

"ಈ ಎಪ್ಪತ್ತೆರಡೇ ಬೇಕು ನಂಗೆ, ಪವಿತ್ರ. ಒಂದು ಕೆಜಿನೂ ಕಮ್ಮಿ ಬೇಡ."

ಮೇಡಂ ಅನ್ನುವುದು ಎಲ್ಲೋ ಬಿದ್ದುಹೋಗಿತ್ತು. ಅದು ಬಿದ್ದ ಸದ್ದು ಅವಳಿಗೆ ಎದೆಯೊಳಗೆ ಕೇಳಿಸಿತು.

"ಜಾಸ್ತಿ ಆದ್ರೆ?"

"ಆದಷ್ಟೂ ನಂದೇ."

ಅವಳ ವಾಚು ಮಣಿಕಟ್ಟಿನಲ್ಲಿ ಅದುರಿತು. ನಿಂತಲ್ಲೇ ನಿಂತವಳ ನಾಡಿ ಓಡುವವಳ ಹಾಗೆ ಏರಿತ್ತು. ಪವಿತ್ರ ಇನ್ನೊಂದು ಕೈಯಿಂದ ಅದನ್ನು ಮುಚ್ಚಿದಳು. ಅವನು ಅಷ್ಟರಲ್ಲಿ ನೋಡಿಯಾಗಿತ್ತು. ಎಡಗಣ್ಣು ಚೂರು ಹೆಚ್ಚು ಮುಚ್ಚಿತು.

"ನಿಮ್ಮಪ್ಪಾಜಿ ಹತ್ರ ಮಾತಾಡಾಕೆ ಅಗರಕ್ಕೆ ಯಾವಾಗ ಬರ್ಲಿ?"

"ಬರಬೇಡಿ."

ಅವನ ಮುಖ ಇಳಿಯಿತು. ಅವಳು ಅವನ ಕೈಯಿಂದ ಮೊಬೈಲ್ ತೆಗೆದುಕೊಂಡು, ಅಲ್ಲೇ, ಅವನೆದುರೇ, ಅಪ್ಪನಿಗೆ ಫೋನ್ ಮಾಡಿದಳು.

"ಅಪ್ಪಾ, ಭಾನುವಾರ ಬಿಡುವೈತಾ? ಕ್ಲಾಸ್ ನಿಂತಿಲ್ಲ, ನಡೀತದೆ. ಅದುಕ್ಕಲ್ಲ. ಅವ್ವನ್ನ ಕರ್ಕಂಡು ಕೊಳ್ಳೇಗಾಲಕ್ಕೆ ಬನ್ನಿ. ಒಂದು ಗಂಡು ನೋಡೋದೈತೆ."

"ಗಂಡಿನೋರು ನಮ್ಮನೆಗೆ ಬರಾದು ಕಣವ್ವ," ಅಂದರು ಬಸವಣ್ಣ.

"ಗೊತ್ತು ಅಪ್ಪ. ಈ ಸಲ ನಾವು ಓಗಾದು. ನಾನು ಕುಂತ್ಕಂಡು ನೋಡ್ತೀನಿ, ಅವ್ರು ಕಾಫಿ ತಕಂಡ್ಬರ್ಲಿ."

ಅಪ್ಪ ನಕ್ಕದ್ದು ಹಾಲಿಗೆಲ್ಲ ಕೇಳಿಸಿತು. "ನಿನ್ ಮಾತು! ಗಂಡು ಒಪ್ಪವ್ನಾ ಇದ್ಕೆ?"

ಪವಿತ್ರ ಹುಬ್ಬೆತ್ತಿ ಅವನ ಕಡೆ ನೋಡಿದಳು. ಎಂಬತ್ತೈದು ಕೆಜಿಯ ಆಸಾಮಿ ಶಾಲೆಯ ಹುಡುಗನ ಹಾಗೆ ತಲೆಯಾಡಿಸಿದ.

"ಒಪ್ಪವ್ರೆ ಅಪ್ಪ."

ಫೋನ್ ಇಟ್ಟ ಮೇಲೆ ಅವನು ಮೆಲ್ಲಗೆ ಕೇಳಿದ. "ಕಾಫಿ ಮಾತ್ರನಾ, ಉಪ್ಪಿಟ್ಟೂ ಮಾಡ್ಬೇಕಾ?"

"ಬರುತ್ತಾ?"

"ಗಂಟಾಗ್ತದೆ."

"ಆಗಲಿ. ನಾನು ಕಾಫಿ ಕುಡಿದು ಎದ್ದೋಗೋಳಲ್ಲ. ಕೂತು ಪೂರ್ತಿ ತಿಂತೀನಿ."

ಮೆಟ್ಟಿಲ ತಿರುವಿನಿಂದ ಶಿವರತ್ನಮ್ಮನ ದನಿ ಬಂತು. "ಲೇ ಕುಮಾರ, ರವೆ ಜಾಸ್ತಿನೇ ಹುರ್ಕಳ್ಲಾ. ಹೆಣ್ಣಿನ ಕಡೆಯೋರು ಅಂತ ನಾವೂ ಬತ್ತೀವಿ."