ಋತಾವರಿಗೆ ಬಿಟ್ಟ ಎಳ್ಳುನೀರು

ನನ್ನ ತಿಥಿ ಮಾಡಿದವಳು ನಾನೇ. ಸನ್ಯಾಸ ತೆಗೆದುಕೊಳ್ಳುವವರು ತಮ್ಮ ಪಿಂಡವನ್ನು ತಾವೇ ಇಟ್ಟು ಹೊರಡಬೇಕು. ಹದಿನೆಂಟನೆಯ ವಯಸ್ಸಿನಲ್ಲಿ ಕೌಶಿಕೀ ನದಿಯ ದಡದಲ್ಲಿ ಪಿಂಡ ಇಟ್ಟು ನಡೆದುಬಿಟ್ಟೆ. ಆಮೇಲೆ ಎಷ್ಟೋ ಸಭೆಗಳಲ್ಲಿ ವಾದಕ್ಕೆ ಕೂತು ದೊಡ್ಡ ದೊಡ್ಡ ಜಟಾಧಾರಿಗಳ ಬಾಯಿ ಮುಚ್ಚಿಸಿದೆ. ಸ್ವಲ್ಪ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ಆದರೆ ಮಧ್ಯಾಹ್ನವಾದರೆ ನನ್ನ ಅಂಗೈ ಒದ್ದೆಯಾಗುತ್ತಿತ್ತು.

ಮೊದಲು ಬೆವರು ಅಂದುಕೊಂಡೆ. ಬೆವರಿನಲ್ಲಿ ಕರಿ ಎಳ್ಳು ಇರುತ್ತದೆಯೇ? ಯಾರೋ ನನ್ನ ಹೆಸರು ಹೇಳಿ ತರ್ಪಣ ಬಿಡುತ್ತಿದ್ದರು. ದಿನಕ್ಕೆ ಮೂರು ಬೊಗಸೆಯಂತೆ ಹನ್ನೆರಡು ವರ್ಷ.

ಹನ್ನೆರಡು ತುಂಬಿದ ಈ ಸಲದ ಪಿತೃಪಕ್ಷದಲ್ಲಿ ಮರಳಿನ ಮೇಲೆ ನನ್ನ ಹೆಜ್ಜೆ ಮೂಡುವುದು ನಿಂತಿತು. ಒಂದು ಮನೆಯ ಮುಂದೆ ಭಿಕ್ಷೆಗೆ ಕೈಯೊಡ್ಡಿದೆ. ಆ ಗೃಹಿಣಿ ನನ್ನನ್ನು ದಾಟಿ ಎಲ್ಲಿಗೋ ನೋಡಿದಳು. ಅನ್ನವನ್ನು ನೆಲಕ್ಕಿಟ್ಟು, "ಬನ್ನಿ, ಕಾ ಕಾ" ಎಂದು ಕಾಗೆಗಳನ್ನು ಕರೆದಳು. ಅಂದಿನಿಂದ ನನ್ನ ಬೆನ್ನ ಹಿಂದೆ ಯಾರು ಯಾರೋ ನಡೆಯತೊಡಗಿದರು. ಕಾಣುತ್ತಿರಲಿಲ್ಲ, ಉಸಿರು ಮಾತ್ರ ಕೇಳುತ್ತಿತ್ತು.

ಅಮಾವಾಸ್ಯೆಯ ಮಧ್ಯಾಹ್ನ ತರ್ಪಣದ ನೀರು ಕುಡಿದ ಸತ್ತವರೆಲ್ಲ ದಕ್ಷಿಣಕ್ಕೆ, ಯಮನ ದಿಕ್ಕಿಗೆ, ಮರಳುತ್ತಾರೆ. ಅಂದಿನ ಮೂರು ಬೊಗಸೆಯೂ ಬಿದ್ದರೆ ನಾನೂ ಹೋಗಬೇಕು. ಒದ್ದೆ ಕೈ ಎತ್ತ ಎಳೆಯಿತೋ ಅತ್ತ ಓಡಿದೆ.

ಧೃತವ್ರತ ಸೊಂಟದ ಮಟ್ಟ ನೀರಿನಲ್ಲಿ ನಿಂತಿದ್ದ. ಅಪ್ಪನ ಹತ್ತಿರ ನನ್ನ ಜೊತೆ ಓದಿದವನು. ಉತ್ತರಕ್ಕೆ ಹೋಗಿ ಓದು ಮುಗಿಸಿ ಬಂದು ನನ್ನ ಕೈ ಹಿಡಿಯಬೇಕಾಗಿದ್ದವನು. ಅವನು ಬರುವ ಮೊದಲೇ ನಾನು ಹೊರಟಿದ್ದೆ. ಕಿವಿಯ ಹತ್ತಿರ ಕೂದಲು ನರೆತಿತ್ತು. ಬೆನ್ನು ಮಾತ್ರ ಹಾಗೇ ಇತ್ತು, ನೆಟ್ಟಗೆ, ಮೊಂಡಾಗಿ.

ಎರಡು ಬೊಗಸೆ ಆಗಲೇ ಬಿದ್ದಿತ್ತು. ನನ್ನ ಮೊಣಕಾಲಿನ ಕೆಳಗೆ ಏನೂ ಇಲ್ಲದಂತೆ ತಣ್ಣಗಾಗಿತ್ತು.

"ಯಾರಿಗೆ ಬಿಡ್ತಿದೀಯಾ ನೀರು?" ಎಂದೆ.

"ಸತ್ತವಳಿಗೆ," ಅವನು ತಿರುಗಲಿಲ್ಲ. "ನಿನಗ್ಯಾಕಮ್ಮ?"

"ನನ್ನ ಕೈ ಒದ್ದೆ ಆಗ್ತಿದೆ, ಅದಕ್ಕೆ."

ಅವನು ಕತ್ತು ತಿರುಗಿಸಿದ. ಬೊಗಸೆಯಲ್ಲಿ ಮೂರನೆಯ ನೀರು ತುಂಬಿತ್ತು. ಹೆದರುತ್ತಾನೆ ಅಂದುಕೊಂಡಿದ್ದೆ. ಅವನ ಮುಖ ಅರಳಿತು.

"ಬಂದೆಯಾ? ಎಷ್ಟು ತಡ ಮಾಡಿದೆ ಕಣೇ."

"ಪೆದ್ದ! ನಾನು ಸತ್ತಿಲ್ಲ ಕಣೋ."

"ನಿಮ್ಮಪ್ಪನೇ ಹೇಳಿದ್ರು, ಅವಳ ಪಿಂಡ ಆಯ್ತು ಅಂತ."

"ಪಿಂಡ ಆಯ್ತು. ಇಟ್ಟವಳು ನಾನು. ಸನ್ಯಾಸಕ್ಕೆ! ಮುಂದೆ ಒಂದು ಮಾತು ಕೇಳೋಕೆ ನಿನಗೇನಾಗಿತ್ತು?"

ಅವನು ನನ್ನ ಕಾಲಿನ ಹತ್ತಿರದ ಮರಳನ್ನು ನೋಡಿದ. ಕಣ್ಣಿನ ತುದಿಯಲ್ಲಿ ಹಳೆಯ ತುಂಟತನ ಬಂತು. "ಹೆಜ್ಜೆ ಕಾಣ್ತಿಲ್ಲ. ಬದುಕಿದೀನಿ ಅನ್ನೋಕೆ ಪ್ರಮಾಣ ಏನು, ಪಂಡಿತೆ?"

ಬೆನ್ನ ಹಿಂದಿನವರು ನನ್ನ ಸೆರಗು ಹಿಡಿದು ಮೆಲ್ಲಗೆ ಜಗ್ಗುತ್ತಿದ್ದರು.

"ಪ್ರಮಾಣ ಇಲ್ಲ," ಎಂದೆ. "ಆ ನೀರು ಬಿಡಬೇಡ, ಅಷ್ಟೇ. ಬಿಟ್ಟರೆ ನಾನು ಹೋಗ್ತೀನಿ."

ಅವನು ಬೊಗಸೆಯನ್ನು ಎದೆಯ ಹತ್ತಿರ ತಂದುಕೊಂಡ. "ದಿನಕ್ಕೆ ಒಂದು ಸಲ ನಿನ್ನ ಹೆಸರು ಹೇಳೋಕೆ ನನಗಿರೋದು ಇದೊಂದೇ ದಾರಿ. ಇದನ್ನೂ ಕಿತ್ಕೋತೀಯಾ?"

"ನಾನು ಮೊದಲನೇ ವರ್ಷವೇ ಬಂದು ಬೇಡ ಅನ್ನಬಹುದಿತ್ತು," ಎಂದೆ. ನನ್ನ ದನಿ ನನಗೇ ದೂರದಿಂದ ಕೇಳಿಸಿತು. "ಬರಲಿಲ್ಲ. ಎಲ್ಲಾ ಬಿಟ್ಟೆ ಅಂತ ಊರೆಲ್ಲಾ ಹೇಳ್ಕೊಂಡು ತಿರುಗಿದೆ. ಮಧ್ಯಾಹ್ನ ಆದರೆ ಮರದ ಕೆಳಗೆ ಕೂತು ಕೈ ಒಡ್ಡುತ್ತಿದ್ದೆ. ನೀರು ನಿನ್ನದೇ ಅಂತ ಗೊತ್ತಿತ್ತು, ತಣ್ಣಗಿರ್ತಿತ್ತು. ನೀನು ಬೇಕಾಗಿದ್ದೆ ಕಣೋ, ಈಗಲೂ ಬೇಕು."

ಹೆಸರು ಹೇಳಿ ಎತ್ತಿದ ನೀರನ್ನು ನದಿಗೆ ಸುಮ್ಮನೆ ಚೆಲ್ಲುವಂತಿಲ್ಲ. ಬೆರಳ ಸಂದಿಯಿಂದ ಆಗಲೇ ಹನಿ ಜಾರುತ್ತಿತ್ತು, ಹನಿಗೊಂದು ಸಲ ನನ್ನ ಕಣ್ಣು ಕತ್ತಲಾಗುತ್ತಿತ್ತು. ಅವನು ದಕ್ಷಿಣಕ್ಕೆ ಬೆನ್ನು ಹಾಕಿದ. ದಾಪುಗಾಲು ಹಾಕಿ ದಡ ಹತ್ತಿ ಬೊಗಸೆಯನ್ನು ನನ್ನ ತುಟಿಯ ಹತ್ತಿರ ತಂದ.

"ಸತ್ತವರಿಗೆ ಹೊಳೆಗೆ ಬಿಡಬೇಕು. ಮನೆಗೆ ಬಂದವರಿಗೆ ಬಾಯಿಗೆ ಕೊಡಬೇಕು. ಕುಡಿ."

ಕುಡಿದೆ. ಎಳ್ಳು ಗಂಟಲಿಗೆ ಸಿಕ್ಕಿತು. ನೀರು ನೆತ್ತಿಗೇರಿ ಕೆಮ್ಮು ಒತ್ತರಿಸಿ ಬಂತು. ಕಣ್ಣಲ್ಲಿ, ಮೂಗಲ್ಲಿ ನೀರು. ಅವನು ಗಾಬರಿಯಾಗಿ ನನ್ನ ನೆತ್ತಿ ತಟ್ಟಿದ.

"ಯಾರೋ ನೆನೆಸ್ಕೋತಿದಾರೆ," ಎಂದ.

"ಹನ್ನೆರಡು ವರ್ಷದಿಂದ ನೆನೆಸ್ಕೋತಾ ಇದಾನೆ, ಕತ್ತೆ."

ಸೆರಗು ಹಗುರಾಯಿತು. ಹಿಂದಿನ ಉಸಿರುಗಳು ಒಂದೊಂದಾಗಿ ನೀರಿಗಿಳಿದು ದಕ್ಷಿಣಕ್ಕೆ ಹೋದವು. ಗಾಳಿಯಿಲ್ಲದೆ ಹೊಳೆಯಲ್ಲಿ ಅಲೆ ಎದ್ದಿತು. ನೆತ್ತಿಯ ಮೇಲಿನ ಕೈಯನ್ನು ಅವನು ತೆಗೆಯಲಿಲ್ಲ, ನಾನೂ ತೆಗೆ ಅನ್ನಲಿಲ್ಲ.

"ಉಳಿದುಬಿಡು," ಎಂದ.

"ಉಳಿದರೆ ನಾನು ನಾನಾಗಿರಲ್ಲ, ಬೇರೆ ಯಾರೋ ಆಗಿರ್ತೀನಿ. ನಿನಗೆ ಅವಳು ಬೇಕಾ?"

"ಬೇಡ," ಎಂದ. ಆ ಮಾತಿಗೆ ಅವನ ಮೇಲೆ ಇನ್ನೂ ಪ್ರೀತಿ ಬಂತು, ಸಿಟ್ಟೂ ಬಂತು.

"ಮಧ್ಯಾಹ್ನ ಏನು ಮಾಡ್ಲಿ ಇನ್ನು?"

"ಹೊತ್ತಿಗೆ ಸರಿಯಾಗಿ ಊಟ ಮಾಡು. ಎಲುಬು ಎಣಿಸಬಹುದು, ಹಾಗಾಗಿದೀಯಾ."

ದಂಡ ಎತ್ತಿಕೊಂಡು ಹೊರಟೆ. ಅತ್ತಿಮರ ದಾಟುವಾಗ ಹಿಂದಿನಿಂದ ಅವನ ದನಿ ಬಂತು, ಮಂತ್ರವಿಲ್ಲದೆ, ಪಕ್ಕದ ಮನೆಯವಳನ್ನು ಕರೆದಂತೆ.

"ಋತಾವರೀ!"

ಸನ್ಯಾಸಿಗಳು ಬಿಟ್ಟ ಹೆಸರಿಗೆ ಓಗೊಡಬಾರದು. ಸತ್ತವರಿಗೆ ಓಗೊಡಲು ಆಗುವುದಿಲ್ಲ.

"ಓ!" ಎಂದೆ, ಹೊಳೆಯ ಆಚೆ ದಡಕ್ಕೂ ಕೇಳಿಸುವಷ್ಟು ಗಟ್ಟಿಯಾಗಿ.